ತೆರಕಣಾಂಬಿಯ ಕವಿಯೂ ಅಡ್ರಿನಲ್ ಗ್ರಂಥಿಯ ಅಭಿಧಮನಿಯೂ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ತೆರಕಣಾಂಬಿಯು ಇಂದು ಒಂದು ಹೋಬಳಿಯ ಕೇಂದ್ರವೆಂಬ ಮಿತವಾದ ಪದವಿಯಲ್ಲಿ ಸಂತುಷ್ಟವಾಗಿದ್ದರೂ, ವಿಜಯನಗರದ ಕಾಲದಲ್ಲಿ ತನ್ನ ಹೆಸರಿನದೇ ಆದ ಒಂದು ಸೀಮೆಗೆ ತಲೆಯೂರಾಗಿದ್ದು, ಉಮ್ಮತ್ತೂರಿನ ನಾಯಕರ ಕೈಯಿಂದ ಕಾಲಕ್ರಮದಲ್ಲಿ ಮೈಸೂರಿನ ಒಡೆಯರ ಕೈಗೆ ಬಂದ ಊರು. ಲಕ್ಷ್ಮೀವರದರಾಜಸ್ವಾಮಿಯ ದೇವಾಲಯವನ್ನೂ, ಅನ್ಯತ್ರ ಅಪರೂಪವಾದ ಸುಗ್ರೀವನ ಗುಡಿಯನ್ನೂ ನೋಡಲೆಂದು ಬರುವ ಯಾತ್ರಿಕರಿಗೆ ಈ ಊರು ಒಬ್ಬ ಕವಿಯ ಹೆಸರಿಗೆ ಅಂಟಿಕೊಂಡು ಸಾಹಿತ್ಯಚರಿತ್ರೆಯಲ್ಲಿ ನಿಂತಿದೆಯೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. 15ನೆಯ ಶತಮಾನದ ತೆರಕಣಾಂಬಿ ಬೊಮ್ಮರಸನು ಬರೆದ ಕಾವ್ಯಗಳೆರಡು: ಒಂದು ಜೀವಂಧರ ಸಾಂಗತ್ಯ, ಇನ್ನೊಂದು ಸನತ್ಕುಮಾರ ಚರಿತೆ. ಈ ಎರಡನೆಯದರ ನಾಯಕನು ಜೈನರ ಹನ್ನೆರಡು ಚಕ್ರವರ್ತಿಗಳಲ್ಲಿ ನಾಲ್ಕನೆಯವನು. ಕನ್ನಡದಲ್ಲಿ ಅವನ ಕಥೆ ಬೊಮ್ಮರಸನಿಗಿಂತ ಬಹು ಹಿಂದೆಯೇ ವಡ್ಡಾರಾಧನೆಯಲ್ಲಿ ಬಂದಿದೆ. ದೇವತೆಗಳೂ ಇಳಿದು ಬಂದು ನೋಡುವಷ್ಟು ರೂಪವಂತನಾದ ಆ ಅರಸನ ದೇಹವನ್ನು ವ್ಯಾಧಿಯು ಹೊಕ್ಕಿತೆಂದೂ, ಅವನು ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತಾಗ ದೇವನೊಬ್ಬನು ವೈದ್ಯನ ವೇಷದಿಂದ ಬಂದು ಗುಣಪಡಿಸುವೆನೆಂದನೆಂದೂ, ಮುನಿಯು ಆತನನ್ನು ಭವರೋಗಕ್ಕೆ ನಿನ್ನಲ್ಲಿ ಮದ್ದುಂಟೆ ಎಂದು ಕೇಳಿದನೆಂದೂ ಪುರಾಣವು ಹೇಳುತ್ತದೆ.

ಪುರಾಣದ ವೈರಾಗ್ಯೋಪದೇಶವನ್ನು ಅದರ ಪಾಡಿಗೆ ಬಿಟ್ಟು, ಕಥೆಯ ವೈದ್ಯಕೀಯವಾದ ಅಂಶವೊಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಹೊರಗೆ ಕುಂದಿಲ್ಲದ ದೇಹದ ಒಳಗೆ ಕಾಣದ ಕುಂದು ಇರಬಹುದೆಂಬುದನ್ನು ನಮ್ಮ ಹಿಂದಿನವರು ಅರಿತಿದ್ದರು. ಆದರೆ ಆ ಒಳಗನ್ನು ನೋಡುವ ಶಕ್ತಿಯನ್ನು ಅವರು ದೇವತೆಗಳಿಗೆ ಬಿಟ್ಟಿದ್ದರು. ಮನುಷ್ಯನು ಆ ಶಕ್ತಿಯನ್ನು ಎಷ್ಟರಮಟ್ಟಿಗೆ ಸಂಪಾದಿಸಿಕೊಂಡನು, ಎಲ್ಲಿ ಎಡವಿದನು ಎಂಬ ದೀರ್ಘವಾದ ಚರಿತ್ರೆಯನ್ನೆಲ್ಲ ಹೇಳಹೊರಟರೆ ಗ್ರಂಥವೇ ಆದೀತು. ಆದಕಾರಣ ದೇಹದ ಒಂದೇ ಒಂದು ಅತ್ಯಲ್ಪವಾದ ಅವಯವವನ್ನು, ಎಂದರೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಹೊರಡುವ ಅಭಿಧಮನಿಯನ್ನು ಹಿಡಿದು ನಡೆಯುವುದು ನನ್ನ ಉದ್ದೇಶ.

ಪ್ರಾರಂಭವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ತೆರಕಣಾಂಬಿಯಿರುವ ಚಾಮರಾಜನಗರ ಜಿಲ್ಲೆಯದೇ ಆದ ಮಲೆಯೂರಿನ ಕನಕಗಿರಿಯನ್ನು ಜೈನರು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪೂಜಿಸುತ್ತ ಬಂದಿದ್ದಾರೆ. ಜೈನೇಂದ್ರ ವ್ಯಾಕರಣವನ್ನೂ ಸರ್ವಾರ್ಥಸಿದ್ಧಿಯನ್ನೂ ರಚಿಸಿದ ಈ ಮಹನೀಯರು ವೈದ್ಯಗ್ರಂಥವನ್ನೂ ಬರೆದಿದ್ದರೆಂಬುದು ಸಂಪ್ರದಾಯ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿ, ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸಾಕ್ರಮವೊಂದನ್ನು ನಮ್ಮ ನಾಡಿನ ವೈದ್ಯರ ಕೈಗೆ ಕೊಟ್ಟನು. ಔಷಧಗಳ ವಿಷಯದಲ್ಲಿ ಇಂಥ ಗ್ರಂಥಗಳು ಎಷ್ಟೇ ಸಂಪನ್ನವಾಗಿದ್ದರೂ, ದೇಹದ ಒಳಗನ್ನು ಕಣ್ಣಾರೆ ಕಂಡು ಬರೆದ ಮಾತಿಗಾಗಿ ನಾವು ಸುಶ್ರುತಸಂಹಿತೆಗೇ ಹೋಗಬೇಕು. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಸ್ಥಳದಲ್ಲಿ ಏಳು ರಾತ್ರಿ ನೆನೆಯಬಿಟ್ಟು, ಆಮೇಲೆ ಲಾವಂಚದ ಬೇರು, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮ ಮೊದಲುಗೊಂಡು ಪದರು ಪದರಾಗಿ ಒಳಗಿನ ಅಂಗಗಳನ್ನೆಲ್ಲ ಕಣ್ಣಿನಿಂದ ನೋಡಬೇಕೆಂದು ಅಲ್ಲಿ ವಿಧಿಸಿದೆ. ಕತ್ತಿಯನ್ನು ಮುಟ್ಟದೆ ಮಾಡಿದ ಈ ಶೋಧನೆಯಲ್ಲಿ ಮೂಳೆಗಳು ಚೆನ್ನಾಗಿ ಉಳಿಯುತ್ತಿದ್ದುವು. ಕೊಳೆತು ಹೋಗುವ ಮೃದುವಾದ ಗ್ರಂಥಿಗಳೂ ನೂಲಿನಂಥ ನಾಳಗಳೂ ಉಳಿಯುತ್ತಿದ್ದಿರಲಾರವು. ಆದುದರಿಂದ ಸುಶ್ರುತನು ಸಿರೆಗಳು ಏಳುನೂರೆಂದೂ, ಅವೆಲ್ಲಕ್ಕೂ ನಾಭಿಯೇ ಮೂಲವೆಂದೂ, ಅವುಗಳಲ್ಲಿ 98ನ್ನು ಶಸ್ತ್ರದಿಂದ ಮುಟ್ಟಲಾಗದೆಂದೂ ಹೇಳಿದುದರಲ್ಲಿ ಪ್ರತ್ಯಕ್ಷದೊಂದಿಗೆ ಊಹೆಯೂ ಬೆರೆತಿದೆ. ಆದರೂ ಗದ್ದೆಗೆ ಕಾಲುವೆಗಳು ನೀರುಣಿಸುವ ಹಾಗೆ ಸಿರೆಗಳು ದೇಹವನ್ನು ಪೋಷಿಸುವುವೆಂದ ಅವನ ಉಪಮಾನವು ಎಷ್ಟು ಸಾರ್ಥಕವಾದುದೆಂಬುದನ್ನು ಕೆರೆಯ ತೂಬನ್ನು ಬಲ್ಲ ನಮ್ಮ ರೈತನಿಗೆ ವಿವರಿಸಬೇಕಾದುದಿಲ್ಲ. ಶಸ್ತ್ರಕ್ಕೆ ಮೊದಲು ಸಿರೆಯ ಜಾಡನ್ನು ತಿಳಿಯತಕ್ಕದ್ದೆಂಬ ಅವನ ಎಚ್ಚರಿಕೆಯಂತೂ ಇಂದಿಗೂ ಹಳತಾಗಿಲ್ಲ.

ಅಡ್ರಿನಲ್ ಗ್ರಂಥಿಗಳನ್ನು ಮೊತ್ತಮೊದಲು ಗುರುತಿಸಿ ಬರೆದವನು ಇಟಲಿಯ ಬಾರ್ತೊಲೋಮಿಯೋ ಯುಸ್ಟೇಕಿಯೊ, ವರ್ಷ 1563. ಅವನು ಕೊರೆಸಿದ ತಾಮ್ರದ ಚಿತ್ರಫಲಕಗಳಲ್ಲಿ ಹೆಚ್ಚಿನವು ಪ್ರಕಟವಾಗದೆ ಉಳಿದು, 1714ರಲ್ಲಿ ರೋಮಿನಲ್ಲಿ ಅಚ್ಚಾಗುವ ಹೊತ್ತಿಗೆ ಆತನು ತೀರಿಕೊಂಡು ನೂರನಲವತ್ತು ವರ್ಷಗಳಾಗಿದ್ದುವು. ಈ ಗ್ರಂಥಿಗಳಿಗೆ ಸ್ರಾವವನ್ನು ಹೊರಗೆ ಹಾಕುವ ನಾಳವೇ ಇಲ್ಲದಿದ್ದುದು ಅಂಗಶಾಸ್ತ್ರಜ್ಞರಿಗೆ ಬಿಡಿಸಲಾಗದ ಒಗಟಾಯಿತು. ಫ್ರಾನ್ಸಿನ ಬೋರ್ಡೋ ನಗರದ ವಿದ್ವತ್ಸಭೆಯು 1716ರಲ್ಲಿ ಇವುಗಳ ಉಪಯೋಗವೇನೆಂದು ಹೇಳಿದವರಿಗೆ ಬಹುಮಾನವನ್ನು ಸಾರಿತು. ಬಂದ ಪ್ರಬಂಧಗಳನ್ನೆಲ್ಲ ಓದಿ 1718ರಲ್ಲಿ ತೀರ್ಪು ಕೊಡುವ ಕೆಲಸ, ರಾಜನೀತಿಯ ಗ್ರಂಥದಿಂದ ಮುಂದೆ ಲೋಕಪ್ರಸಿದ್ಧನಾದ ಮಾಂಟೆಸ್ಕ್ಯೂನ ಪಾಲಿಗೆ ಬಂದಿತು. ಯಾರೂ ಬಹುಮಾನಕ್ಕೆ ಅರ್ಹರಲ್ಲವೆಂದು ಅವನು ತೀರ್ಮಾನಿಸಿದನು. ಪಂಡಿತರು ತಮಗೆ ತಿಳಿಯದೆಂದು ಸಭೆಯಲ್ಲಿ ಒಪ್ಪಿಕೊಳ್ಳುವ ಸಂದರ್ಭಗಳು ಎಲ್ಲ ದೇಶಗಳಲ್ಲಿಯೂ ವಿರಳವಾಗಿರುವುದರಿಂದ ಈ ತೀರ್ಪು ನನಗೆ ಬಹಳ ಪ್ರಿಯವಾದುದು.

ನಾಳವಿಲ್ಲದ ಗ್ರಂಥಿಗೆ ಅಭಿಧಮನಿಯೇ ನಾಳ, ಅದರ ಸ್ರಾವವೆಲ್ಲ ರಕ್ತದೊಳಕ್ಕೇ ಇಳಿಯುತ್ತದೆ ಎಂಬ ಅರಿವು ಮೂಡುವುದಕ್ಕೆ ಇನ್ನೂ ಒಂದೂವರೆ ಶತಮಾನ ಹಿಡಿಯಿತು. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ನನು ಈ ಗ್ರಂಥಿಗಳು ಕೆಟ್ಟರೆ ಮನುಷ್ಯನು ಬಳಲಿ, ಕಪ್ಪಿಟ್ಟು ಸಾಯುತ್ತಾನೆಂದು ತೋರಿಸಿದನು. 1901ರಲ್ಲಿ ಜಪಾನಿನ ತಕಮಿನೆ ಅಡ್ರಿನಲಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. 1953ರಲ್ಲಿ ಸಿಂಪ್ಸನ್ ಮತ್ತು ಟೇಟ್ ಅವರ ತಂಡವು, ಉಪ್ಪಿನ ಸೋಡಿಯಮ್ಮನ್ನು ದೇಹದಲ್ಲಿ ಹಿಡಿದಿಟ್ಟು ಪೊಟ್ಯಾಸಿಯಮ್ಮನ್ನು ಹೊರಗೆ ದೂಡುವ ಅಲ್ಡೋಸ್ಟಿರೋನ್ ಎಂಬ ಸ್ರಾವವನ್ನು ಬೇರ್ಪಡಿಸಿತು. ಅದರ ಮರುವರ್ಷವೇ ಅಮೆರಿಕದ ಮಿಷಿಗನ್ನಿನಲ್ಲಿ ಜೆರೋಮ್ ಕಾನ್ ಎಂಬ ವೈದ್ಯನು, ವರ್ಷಗಳಿಂದ ಸ್ನಾಯುಗಳ ಸೆಳೆತ, ನಿಶ್ಶಕ್ತಿ ಮತ್ತು ಏರಿದ ರಕ್ತದೊತ್ತಡದಿಂದ ನರಳುತ್ತಿದ್ದ 34 ವರ್ಷದ ಒಬ್ಬಾಕೆಯಲ್ಲಿ ಈ ಸ್ರಾವವು ಮಿತಿಮೀರಿದೆಯೆಂದು ತರ್ಕಿಸಿದನು. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ಗಂಟೊಂದನ್ನು ತೆಗೆದುಹಾಕಿದ ಮೇಲೆ ಆಕೆ ಚೇತರಿಸಿಕೊಂಡಳು. ರಕ್ತದೊತ್ತಡವೆಂದರೆ ಮುಪ್ಪಿನೊಡನೆ ತಾನಾಗಿ ಬರುವ ಪೀಡೆಯೆಂದು ಬಹುಜನರು ನಂಬಿದ್ದ ಕಾಲದಲ್ಲಿ, ಅದರ ಒಂದು ಬಗೆಯನ್ನು ಬುಡಸಹಿತ ಕಿತ್ತೊಗೆಯಬಹುದೆಂದು ಸಿದ್ಧವಾದುದು ಸಾಮಾನ್ಯವಾದ ವಿಷಯವಲ್ಲ.

ಸಿದ್ಧಾಂತವು ಇಷ್ಟು ನಿರ್ಮಲವಾಗಿದ್ದರೂ ಕಾರ್ಯದಲ್ಲಿ ಒಂದು ಕಂಟಕ ಎದುರಾಯಿತು. ಗ್ರಂಥಿಗಳು ಎರಡು, ದೋಷವು ಒಂದರಲ್ಲಿದ್ದರೆ ಅದನ್ನು ತೆಗೆದು ರೋಗಿಯನ್ನು ಗುಣಪಡಿಸಬಹುದು, ಎರಡರಲ್ಲಿಯೂ ಇದ್ದರೆ ಶಸ್ತ್ರವು ನಿರುಪಯೋಗಿ, ಮಾತ್ರೆಗಳೇ ಗತಿ. ಯಾವ ಪಾರ್ಶ್ವದ್ದೆಂದು ನಿಶ್ಚಯಿಸುವುದಕ್ಕೆ ಉಳಿದ ದಾರಿಯೆಂದರೆ, ತೊಡೆಸಂದಿಯ ಅಭಿಧಮನಿಯಿಂದ ಸಣ್ಣ ಕೊಳವೆಯೊಂದನ್ನು ಒಳಕ್ಕೆ ತೂರಿಸಿ, ಎರಡು ಗ್ರಂಥಿಗಳ ಬಾಗಿಲಿನಿಂದಲೂ ರಕ್ತವನ್ನು ಬೇರೆಬೇರೆಯಾಗಿ ತೆಗೆದು, ಸ್ರಾವವು ಯಾವುದರಲ್ಲಿ ಹೆಚ್ಚಿದೆಯೆಂದು ಅಳೆಯುವುದು. 1967ರಲ್ಲಿ ಬಾಸ್ಟನ್ನಿನ ಮೆಲ್ಬಿ ಮತ್ತು ಸಹೋದ್ಯೋಗಿಗಳು ಇದನ್ನು ಆಚರಣೆಗೆ ತಂದರು. ಎಡಗಡೆಯಲ್ಲಿ ಕೆಲಸ ಸುಗಮ: ಅಲ್ಲಿಯ ಅಭಿಧಮನಿಯು ಕೆಲವು ಸೆಂಟಿಮೀಟರುಗಳಷ್ಟು ಉದ್ದವಾಗಿದ್ದು, ವಪೆಯ ಕಡೆಯಿಂದ ಬರುವ ಇನ್ನೊಂದು ನಾಳವನ್ನು ಕೂಡಿಸಿಕೊಂಡು, ಮೂತ್ರಪಿಂಡದ ದೊಡ್ಡ ಅಭಿಧಮನಿಯ ಮೇಲಂಚಿನಲ್ಲಿ ಇಳಿಯುತ್ತದೆ; ಆ ದೊಡ್ಡ ನಾಳವನ್ನು ಹೊಕ್ಕ ಕೊಳವೆಗೆ ಇದರ ಬಾಯಿ ಪ್ರಾಯಶಃ ತಪ್ಪುವುದಿಲ್ಲ. ಬಲಗಡೆಯ ಸ್ಥಿತಿಯೇ ಬೇರೆ. ಬಲ ಗ್ರಂಥಿಯು ದೇಹದ ಅತಿ ದೊಡ್ಡ ಅಭಿಧಮನಿಯ, ಎಂದರೆ ಕೆಳ ಮಹಾಭಿಧಮನಿಯ, ಬೆನ್ನಿಗೇ ಆತುಕೊಂಡಿರುವುದರಿಂದ ಅದರ ನಾಳಕ್ಕೆ ಉದ್ದವಾಗುವ ಅವಕಾಶವೇ ಇಲ್ಲ. ಒಂದು ಸೆಂಟಿಮೀಟರಿಗೂ ಕಡಮೆಯಾದ, ಎರಡು ಮೂರು ಮಿಲಿಮೀಟರು ಅಗಲದ ಆ ನಾಳವು ಮಹಾಭಿಧಮನಿಯ ಹಿಂಗೋಡೆಯಲ್ಲಿ ನೇರವಾಗಿ ತೆರೆಯುತ್ತದೆ. ಅದರ ನೆರೆಯಲ್ಲಿಯೇ ಯಕೃತ್ತಿನ ಚಿಕ್ಕ ನಾಳಗಳು ಅದೇ ಗಾತ್ರದ ಬಾಯಿಗಳನ್ನು ತೆರೆದುಕೊಂಡಿರುತ್ತವೆ, ಕೆಲವರಲ್ಲಿ ಎರಡೂ ಒಂದೇ ಬಾಯಿಯಿಂದ ಇಳಿಯುವುದೂ ಉಂಟು. ಕ್ಷ-ಕಿರಣದ ಪರದೆಯ ಮೇಲೆ ಚಪ್ಪಟೆಯಾದ ನೆರಳನ್ನು ಮಾತ್ರ ಕಾಣುತ್ತ, ಕೊಳವೆಯ ತುದಿಯನ್ನು ಮಹಾಭಿಧಮನಿಯ ಗೋಡೆಗೆ ತಾಕಿಸಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಅದು ಎಲ್ಲಿಯಾದರೂ ಸಿಕ್ಕಿಕೊಂಡೀತೆಂದು ಕಾಯುವುದೇ ಆಗಿನ ವಿಧಾನವಾಗಿತ್ತು. ಹಳೆಯ 47 ವರದಿಗಳಲ್ಲಿ ಬಂದ 384 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಲನಾಳ ಸಿಕ್ಕಿದುದು ನೂರಕ್ಕೆ 74ರಲ್ಲಿ ಮಾತ್ರವೆಂದು ಕಂಡುಬಂದಿತು. ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಕ್ಷ-ಕಿರಣದಲ್ಲಿ ಕಾಣುವ ದ್ರವವನ್ನು ಬಲವಾಗಿ ಒತ್ತಿದರೆ ಆ ಸೂಕ್ಷ್ಮವಾದ ಗ್ರಂಥಿಯೇ ಒಡೆದು ಒಳಗೆ ರಕ್ತ ಸುರಿಯುವ ಭಯವೂ ಇತ್ತು.

ಈ ನಡುವೆ ಇಂಗ್ಲೆಂಡಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ, ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಯಂತ್ರಶಿಲ್ಪಿಯೊಬ್ಬನು, ಕ್ಷ-ಕಿರಣವನ್ನು ನಾನಾ ಕೋನಗಳಿಂದ ಹಾಯಿಸಿ, ಒಳಗೆ ಎಲ್ಲೆಲ್ಲಿ ಎಷ್ಟೆಷ್ಟು ತಡೆಯುಂಟಾಯಿತೆಂಬುದನ್ನು ಗಣಕಯಂತ್ರದಿಂದ ಲೆಕ್ಕಹಾಕಿ, ದೇಹವನ್ನು ಕತ್ತರಿಸದೆಯೇ ಅದರ ಅಡ್ಡಸೀಳನ್ನು ಕಾಣುವ ಉಪಾಯವನ್ನು ಕಂಡುಹಿಡಿದಿದ್ದನು. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮೋರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು, ಚಿತ್ರವು ಉದ್ದಕ್ಕೆ 80, ಅಡ್ಡಕ್ಕೆ 80 ಚುಕ್ಕೆಗಳದು. ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಅಲನ್ ಕಾರ್ಮ್ಯಾಕನೊಡನೆ ಅವನು 1979ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಸಿ.ಟಿ. ಹೊಟ್ಟೆಯನ್ನೂ ತೋರಿಸತೊಡಗಿದ ಕೂಡಲೇ, ಇನ್ನು ಕೊಳವೆಯ ಗೊಡವೆಯೇಕೆ, ಯಾವ ಗ್ರಂಥಿಯಲ್ಲಿ ಗಂಟು ಕಾಣುವುದೋ ಅದೇ ಅಪರಾಧಿಯೆಂದು ನಿರ್ಣಯಿಸೋಣವೆಂಬ ಆತುರವು ವೈದ್ಯಲೋಕದಲ್ಲಿ ಹರಡಿತು. ಇದು ಅವಿವೇಕವಾಗಿತ್ತು. ವಯಸ್ಸಾದವರಲ್ಲಿ ಏನೂ ಕೆಡುಕು ಮಾಡದ ಮೂಕಗಂಟುಗಳು ಹೇರಳ. ಕೆಡುಕು ಮಾಡುವ ಗಂಟು ಕೆಲವು ಸಲ ಕಣ್ಣಿಗೆ ಬೀಳದಷ್ಟು ಚಿಕ್ಕದು. 2009ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆಯು 950 ರೋಗಿಗಳ ವೃತ್ತಾಂತವನ್ನು ಹೋಲಿಸಿ, ಚಿತ್ರದ ತೀರ್ಪಿಗೂ ರಕ್ತದ ತೀರ್ಪಿಗೂ ನೂರರಲ್ಲಿ ಸುಮಾರು 38 ಮಂದಿಯಲ್ಲಿ ಹೊಂದಿಕೆಯಿಲ್ಲವೆಂದು ತೋರಿಸಿತು. ಚಿತ್ರವೊಂದನ್ನೇ ನಂಬಿದ್ದರೆ ಅವರಲ್ಲಿ ಕೆಲವರು ನಿರಪರಾಧಿಯಾದ ಗ್ರಂಥಿಯನ್ನು ಕಳೆದುಕೊಳ್ಳುತ್ತಿದ್ದರು, ಕೆಲವರು ಗುಣವಾಗುವ ಅವಕಾಶವನ್ನು.

ನ್ಯಾಯಾಧೀಶನಾಗಿ ಹೀಗೆ ಸೋತ ಸಿ.ಟಿ.ಯು ದಾರಿ ತೋರುವವನಾಗಿ ಗೆದ್ದುದು ಈ ಚರಿತ್ರೆಯ ಸ್ವಾರಸ್ಯವಾದ ತಿರುವು. 1989ರ ಹೊತ್ತಿಗೆ ದೇಹವನ್ನು ಸುರುಳಿಸುರುಳಿಯಾಗಿ ಬಳಸಿ ನೋಡುವ ಯಂತ್ರಗಳೂ, 1998ರಲ್ಲಿ ಒಂದೇ ಸುತ್ತಿಗೆ ನಾಲ್ಕು ಸೀಳುಗಳನ್ನು ಹಿಡಿಯುವ ಯಂತ್ರಗಳೂ ಬಂದು, ಸೀಳಿನ ದಪ್ಪವು ಕ್ರಮೇಣ ಒಂದು ಮಿಲಿಮೀಟರಿಗಿಂತ ಕೆಳಕ್ಕೆ ಇಳಿಯಿತು. ಆಗ ಜಪಾನಿನ ವೈದ್ಯರು ಮೊದಲಾಗಿ ಹಲವರು ಯೋಚಿಸಿದ್ದು ಇಷ್ಟೆ: ಕೊಳವೆಯನ್ನು ತೂರಿಸುವ ಮೊದಲೇ ಈ ರೋಗಿಯ ಬಲನಾಳವು ಯಾವ ಮಟ್ಟದಲ್ಲಿ, ಯಾವ ಕೋನದಲ್ಲಿ, ಯಾವ ನಾಳದ ಪಕ್ಕದಲ್ಲಿ ತೆರೆಯುತ್ತದೆಂದು ಚಿತ್ರದಲ್ಲಿಯೇ ಕಂಡುಕೊಂಡರೆ ಕತ್ತಲಲ್ಲಿ ತಡಕಾಡುವುದು ತಪ್ಪೀತಲ್ಲವೆ? ಗಂಟನ್ನು ಹುಡುಕುವುದನ್ನು ಬಿಟ್ಟು ದಾರಿಯನ್ನು ಹುಡುಕಲು ತೊಡಗಿದ ಕ್ಷಣದಿಂದ ಅದೇ ಯಂತ್ರವು ವಿಶ್ವಾಸಾರ್ಹವಾಯಿತು.

ಆ ಹುಡುಕಾಟದ ಕ್ರಮವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಕೈಯ ಅಭಿಧಮನಿಗೆ ಅಯೋಡಿನ್ ಬೆರೆತ ದ್ರವವನ್ನು ಚುಚ್ಚಿದ ಮೇಲೆ ಅದು ಹೃದಯವನ್ನು ಹಾಯ್ದು, ಅಪಧಮನಿಗಳಲ್ಲಿ ಹರಿದು, ಗ್ರಂಥಿಯನ್ನು ಹೊಕ್ಕು, ಅಭಿಧಮನಿಯಾಗಿ ಹೊರಬರುವುದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಅವಧಿಯಲ್ಲಿ ಚಿತ್ರವನ್ನು ಬೇಗ ತೆಗೆದರೆ ನಾಳವಿನ್ನೂ ತುಂಬಿರುವುದಿಲ್ಲ, ತಡಮಾಡಿದರೆ ಸುತ್ತಲಿನದೆಲ್ಲ ಬೆಳ್ಳಗಾಗಿ ನಾಳವು ಅದರಲ್ಲಿ ಕರಗಿಹೋಗುತ್ತದೆ. ರೋಗಿಯು ಉಸಿರನ್ನು ಬಿಗಿಹಿಡಿಯಬೇಕು, ಏಕೆಂದರೆ ಒಂದು ಉಸಿರಿಗೆ ಗ್ರಂಥಿಯು ಸೆಂಟಿಮೀಟರುಗಳಷ್ಟು ಮೇಲೆ ಕೆಳಗೆ ಸರಿಯುತ್ತದೆ. ಆಮೇಲೆ ವೈದ್ಯನು ಪರದೆಯ ಮುಂದೆ ಕುಳಿತು ಸೀಳುಗಳನ್ನು ಒಂದೊಂದಾಗಿ ಸರಿಸುತ್ತ ಹೋಗುತ್ತಾನೆ. ಯಕೃತ್ತಿನ ಬೂದುಬಣ್ಣದ ರಾಶಿಯ ಎಡೆಯಲ್ಲಿ ಮಹಾಭಿಧಮನಿಯ ಅಂಡಾಕೃತಿ, ಅದರ ಹಿಂದೆ ವಪೆಯ ಪಾದದ ಪಕ್ಕದಲ್ಲಿ ಓರೆಗೆರೆಯಂಥ ಗ್ರಂಥಿ, ಗ್ರಂಥಿಯ ಒಳಮೈಯಿಂದ ಹೊರಟು ಎರಡು ಮೂರು ಸೀಳುಗಳಲ್ಲಿ ಮಾತ್ರ ಮಿನುಗಿ ಮಾಯವಾಗುವ ಬಿಳಿಯ ಎಳೆ. ಆ ಎಳೆ ಮಹಾಭಿಧಮನಿಯನ್ನು ಮುಟ್ಟುವ ಬಿಂದುವನ್ನು ಬೆನ್ನುಮೂಳೆಯ ಇಂತಿಷ್ಟನೆಯ ಮಣಿಯ ಎತ್ತರವೆಂದೂ, ದಿಕ್ಕನ್ನು ಹಿಂಬದಿಯೆಂದೋ ಬಲಬದಿಯೆಂದೋ ಗುರುತು ಹಾಕಿಕೊಂಡರೆ ನಕ್ಷೆ ಮುಗಿಯಿತು. ಎಲ್ಲರಲ್ಲಿಯೂ ಅದು ಕಾಣುವುದೂ ಇಲ್ಲ. ಕಂಡವರಲ್ಲಿಯೂ ಕೊಳವೆಯು ಸರಿಯಾದ ಸ್ಥಳದಲ್ಲಿದೆಯೆಂಬುದಕ್ಕೆ ಕೊನೆಯ ಸಾಕ್ಷಿಯನ್ನು ತೆಗೆದ ರಕ್ತದಲ್ಲಿರುವ, ಇದೇ ಗ್ರಂಥಿಯ ಇನ್ನೊಂದು ಸ್ರಾವವಾದ ಕಾರ್ಟಿಸಾಲಿನ ಪ್ರಮಾಣವೇ ಹೇಳಬೇಕು. ಸುಶ್ರುತನ ಶಿಷ್ಯನು ಏಳು ರಾತ್ರಿ ಕಾದು, ಕುಂಚದಿಂದ ಉಜ್ಜಿ ಪದರು ಪದರಾಗಿ ಕಂಡುದನ್ನು ಈತನು ಬದುಕಿರುವವನಲ್ಲಿ ಒಂದು ಉಸಿರಿನ ಅವಧಿಯಲ್ಲಿ ಪದರು ಪದರಾಗಿ ಕಾಣುತ್ತಾನೆ.

ನಕ್ಷೆಯೆಂಬ ಮಾತು ಬಂದುದರಿಂದ ಕನಕಗಿರಿಯನ್ನು ಇನ್ನೊಮ್ಮೆ ನೆನೆಯಬೇಕಾಗಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯನ್ನೆಲ್ಲ ಅಳೆಯಿಸಿ ನಕ್ಷೆ ಬರೆಯಿಸಿದನು. ಅವನಿಗೆ ನಾಡಿನ ಪೂರ್ವವೃತ್ತಾಂತಗಳನ್ನು ತಿಳಿಸಿದವರಲ್ಲಿ ಕನಕಗಿರಿಯ ದೇವಚಂದ್ರನೂ, ಎಂದರೆ ಮುಂದೆ ರಾಜಾವಳೀಕಥೆಯನ್ನು ಬರೆದ ಪಂಡಿತನೂ, ಒಬ್ಬನು. ಬೆಟ್ಟವನ್ನೂ ಕೆರೆಯನ್ನೂ ಒಮ್ಮೆ ಅಳೆದು ಬರೆದಿಟ್ಟರೆ ತಲೆಮಾರುಗಳಿಗೆ ಸಾಕು. ದೇಹದ ವಿಷಯದಲ್ಲಿ ಅಂಥ ಮಿತವ್ಯಯಕ್ಕೆ ಅವಕಾಶವಿಲ್ಲ. ಪಠ್ಯಪುಸ್ತಕದ ಚಿತ್ರವು ಬಹುಜನರ ಸಾಮಾನ್ಯವನ್ನು ಹೇಳುವುದೇ ಹೊರತು ಎದುರಿಗೆ ಮಲಗಿರುವ ಒಬ್ಬನ ನಾಳವು ಎಲ್ಲಿ ತೆರೆಯುವುದೆಂದು ಹೇಳಲಾರದು.

ನಮ್ಮ ನಾಡಿನಲ್ಲಿ ಈ ವಿದ್ಯೆಯು ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಆಧುನಿಕ ರೀತಿಯ ಶವಚ್ಛೇದನವು ಭಾರತದಲ್ಲಿ ಪ್ರಾರಂಭವಾದುದು 1836ರಲ್ಲಿ, ಕಲ್ಕತ್ತೆಯಲ್ಲಿ ಮಧುಸೂದನ ಗುಪ್ತನ ಕೈಯಿಂದ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದಿತು. ವಾರಸುದಾರರಿಲ್ಲದ ಶವಗಳನ್ನು ವಿದ್ಯಾರ್ಥಿಗಳ ಅಧ್ಯಯನಕ್ಕೆ ಒದಗಿಸುವ ಶಾಸನವು 1957ರದು. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2016ರಲ್ಲಿ ತನ್ನದೇ ಒಂದು ವೈದ್ಯಕೀಯ ಕಾಲೇಜನ್ನು ಪಡೆಯಿತು. ಅದಕ್ಕೆ ಮೊದಲು ತೆರಕಣಾಂಬಿಯವನಿಗೆ ದೊಡ್ಡಾಸ್ಪತ್ರೆಯೆಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯೇ, ಬೆಳಗಿನ ಬಸ್ಸು ಹಿಡಿದು ಗುಂಡ್ಲುಪೇಟೆ, ನಂಜನಗೂಡುಗಳ ಮೇಲೆ ಹೋಗಿ ಸಂಜೆಯೊಳಗೆ ತಿರುಗಿ ಬಂದರೆ ಅದೇ ಪುಣ್ಯ. ಸ್ಕ್ಯಾನಿಂಗ್ ಎಂಬ ಮಾತು ಈಗ ಅರಿಸಿನದ ಹೊಲದಲ್ಲಿ ಕೆಲಸ ಮಾಡುವವರ ಬಾಯಲ್ಲಿಯೂ ಸಲೀಸಾಗಿ ಬರುತ್ತದೆ. ಆದರೆ ಗ್ರಂಥಿಯ ಬಾಗಿಲಿನಿಂದ ರಕ್ತ ತೆಗೆಯುವ ಪರೀಕ್ಷೆಯು ಇಡೀ ದೇಶದಲ್ಲಿಯೇ ಇಂದಿಗೂ ಕೆಲವೇ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾಗಿದೆ; ಯಂತ್ರವನ್ನು ಹಣದಿಂದ ತರಬಹುದು, ಆ ಕೈಯನ್ನು ಪಳಗಿಸುವುದಕ್ಕೆ ವರ್ಷಗಳು ಬೇಕು.

ಇದು ಕೇವಲ ಪಂಡಿತರ ಕುತೂಹಲಕ್ಕೆ ಸಂಬಂಧಿಸಿದ ವಿಷಯವೆಂದು ಯಾರೂ ಎಣಿಸಬಾರದು. ರಕ್ತದೊತ್ತಡವಿರುವವರಲ್ಲಿ ನೂರಕ್ಕೆ 5ರಿಂದ 10 ಮಂದಿಗಾದರೂ ಅದರ ಮೂಲವು ಈ ಗ್ರಂಥಿಯಲ್ಲಿಯೇ ಇರುತ್ತದೆಂದು ಈಗ ತಿಳಿದಿದೆ, ಬಿ.ಪಿ. ಇರುವವರೆಲ್ಲರನ್ನೂ ಒಮ್ಮೆ ಪರೀಕ್ಷಿಸುವುದು ಲೇಸೆಂದು ಅಮೆರಿಕದ ಅಂತಃಸ್ರಾವಶಾಸ್ತ್ರಜ್ಞರ ಸಂಘವು 2025ರಲ್ಲಿ ಸೂಚಿಸಿದೆ. ಮೂರು ಬಗೆಯ ಮಾತ್ರೆಗಳಿಗೂ ಬಗ್ಗದ ಬಿ.ಪಿ. ಉಳ್ಳವರೂ, ಎಳೆಯ ವಯಸ್ಸಿನಲ್ಲಿಯೇ ಅದಕ್ಕೆ ಸಿಕ್ಕಿದವರೂ, ಪೊಟ್ಯಾಸಿಯಮ್ ಕಡಮೆಯಾಗಿ ಕೈಕಾಲು ಸೋಲುವವರೂ, ನೇರವಾಗಿ ಸ್ಕ್ಯಾನಿಂಗ್ ಬರೆದುಕೊಡಿರೆಂದು ಪೀಡಿಸದೆ, ಅಲ್ಡೋಸ್ಟಿರೋನ್ ಮತ್ತು ರೆನಿನ್ ಎಂಬೆರಡರ ರಕ್ತಪರೀಕ್ಷೆ ತಮಗೆ ಬೇಕೇ ಎಂದು ತಮ್ಮ ಡಾಕ್ಟರನ್ನು ಕೇಳಲಿ. ಮುಂದೆ ಸಿ.ಟಿ. ಆದರೆ, ಅದರ ಸಿ.ಡಿ.ಯನ್ನು ಮದುವೆಯ ಕರೆಯೋಲೆಗಳ ಜೊತೆಗೆ ಅಟ್ಟಕ್ಕೆ ಎಸೆಯದೆ ಜೋಪಾನವಾಗಿಟ್ಟು, ದೊಡ್ಡಾಸ್ಪತ್ರೆಗೆ ಹೋಗುವಾಗ ತಪ್ಪದೆ ಒಯ್ಯಲಿ. ಕಾಗದದ ವರದಿಯಲ್ಲಿ ಅಡ್ರಿನಲ್ ಗ್ರಂಥಿಯ ಅಭಿಧಮನಿಯ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಕಾಣಬೇಕಾದವರು ತೆಳುವಾದ ಆ ಸೀಳುಗಳಲ್ಲಿಯೇ ಕಾಣಬೇಕು.